ಸೇನೆ ಸೇರಿದ ಮೇಲೆ ದಾರಿ ತೋರುವವರು ಬೇಕು

ಮಾನ್ಯರೇ,

2025ರ ಮೇ 30ರಂದು ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಅಂದರೆ ಎನ್‌ಡಿಎಯಿಂದ 17 ಯುವತಿಯರ ಮೊದಲ ತಂಡ ತೇರ್ಗಡೆಯಾದಾಗ ಪತ್ರಿಕೆಗಳು ಅವರ ಚಿತ್ರಗಳನ್ನು ಹೆಮ್ಮೆಯಿಂದ ಪ್ರಕಟಿಸಿದವು. ಸಂತೋಷದ ವಿಷಯ. ಆದರೆ ಸೇನೆ ಸೇರುವ ಪರೀಕ್ಷೆಗೆ ತಯಾರಿ ಮಾಡಿಸುವವರು ಬೇಕಾದಷ್ಟಿದ್ದಾರೆ. ಸೇರಿದ ಮೇಲೆ ಬಡ್ತಿಯ ದಾರಿ ಹೇಳಿಕೊಡುವವರು ಕಡಿಮೆ. ಮಹಿಳಾ ಅಧಿಕಾರಿಗಳು ಹಿಂದೆ ಬೀಳುವುದು ಇಲ್ಲೇ.

ಭೂಸೇನೆಯಲ್ಲಿ 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇಲಾಖಾ ಪರೀಕ್ಷೆಗಳು ಪಾಸಾಗಿದ್ದರೆ ಇಷ್ಟು ಸೇವಾವಧಿಯ ಲೆಕ್ಕದಲ್ಲೇ ಸಿಗುತ್ತದೆ. ಕರ್ನಲ್ ಹುದ್ದೆಗೆ ಮಾತ್ರ ಆಯ್ಕೆ ಮಂಡಳಿ ಕೂರುತ್ತದೆ. ಅದು ನೋಡುವುದು ಮುಖ್ಯವಾಗಿ ಕಾಗದವನ್ನು: ವಾರ್ಷಿಕ ಗೋಪ್ಯ ವರದಿ ಅಂದರೆ ಎಸಿಆರ್, ಕೋರ್ಸ್‌ಗಳಲ್ಲಿ ಪಡೆದ ಶ್ರೇಣಿ, ತುಕಡಿ ಮುನ್ನಡೆಸಿದ ಅವಧಿ.

ಈ ಕಾಗದ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಲೆಫ್ಟಿನೆಂಟ್ ಕರ್ನಲ್ ನಿತಿಶಾ ಮತ್ತಿತರ ಮಹಿಳಾ ಅಧಿಕಾರಿಗಳು ಹೂಡಿದ ಪ್ರಕರಣವೇ ಸಾಕ್ಷಿ. ಮಹಿಳೆಯರಿಗೂ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗೂ ಸೇವೆಯಲ್ಲಿ ಮುಂದುವರಿಯುವ ಅವಕಾಶ) ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿ 17ರಂದು ತೀರ್ಪು ನೀಡಿತ್ತು. ಆಮೇಲೆ ಸೇನೆ ಅನುಸರಿಸಿದ ಮಾನದಂಡಗಳು ಮಹಿಳೆಯರಿಗೆ ತಾರತಮ್ಯ ಮಾಡುತ್ತವೆ ಎಂದು 2021ರ ಮಾರ್ಚ್ 25ರಂದು ನಿತಿಶಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಬೇಕಾಯಿತು. ಹೇಗಿದ್ದರೂ ಈಕೆಗೆ ಮುಂದೆ ಬಡ್ತಿಯಿಲ್ಲ ಎಂಬ ಕಾಲದಲ್ಲಿ ಉದಾಸೀನದಿಂದ ಬರೆದ ಎಸಿಆರ್‌ಗಳೇ ವರ್ಷಗಳ ನಂತರ ಅಳತೆಗೋಲಾಗಿದ್ದವು. ನಿಯಮ ಬದಲಾದರೂ ಹಳೆಯ ಕಾಗದ ಬದಲಾಗುವುದಿಲ್ಲ. ಆದ್ದರಿಂದ ಇಂದಿನ ಲೆಫ್ಟಿನೆಂಟ್ ಮೊದಲ ವರದಿಯಿಂದಲೇ ಎಚ್ಚರ ವಹಿಸಬೇಕು.

ವರ್ಷದ ಆರಂಭದಲ್ಲೇ ಮೇಲಧಿಕಾರಿಯ ಜತೆ ಕೂತು ಹೊಣೆಗಳನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಮಾಡಿದ ಕೆಲಸವನ್ನು ದಿನಾಂಕ, ಸಂಖ್ಯೆ ಸಮೇತ ಟಿಪ್ಪಣಿ ಮಾಡಿಡಬೇಕು; 'ಚೆನ್ನಾಗಿ ಕೆಲಸ ಮಾಡಿದರು' ಎಂಬ ಸಾಲಿಗೆ ಮಂಡಳಿಯ ಮುಂದೆ ತೂಕವಿಲ್ಲ. ವರದಿಯನ್ನು ಮೊದಲು ಬರೆಯುವ ಅಧಿಕಾರಿಯ ಕೈಕೆಳಗೆ ಕನಿಷ್ಠ 90 ದಿನ ಸೇವೆಯಾಗಿರಬೇಕು. ಇಬ್ಬರಲ್ಲಿ ಒಬ್ಬರ ವರ್ಗಾವಣೆ ಅದಕ್ಕೆ ಕೆಲವೇ ದಿನ ಮೊದಲು ಬಂದರೆ ವರದಿಯೇ ತಪ್ಪಿಹೋಗಬಹುದು. ಹೆರಿಗೆ ರಜೆಯ 180 ದಿನಗಳು ತುಕಡಿ ಮುನ್ನಡೆಸುವ ಅವಧಿಯ ನಡುವೆ ಬಂದಾಗಲೂ ಇದೇ ತೊಡಕು. ಉಳಿದ ಅವಧಿಯನ್ನು ಮರಳಿ ಬಂದು ಪೂರೈಸಲು ಅವಕಾಶ ಕೊಡಿ ಎಂದು ರಜೆಗೆ ಹೋಗುವ ಮುನ್ನವೇ ಲಿಖಿತವಾಗಿ ಕೇಳಬೇಕು. ಬಾಯಿಮಾತಿನ ಭರವಸೆ ಕಮಾಂಡಿಂಗ್ ಅಧಿಕಾರಿ ಬದಲಾದ ದಿನ ಮುಗಿಯಿತು. ವರದಿಯಲ್ಲಿ ಅನ್ಯಾಯವಾಗಿದೆ ಎನಿಸಿದರೆ ಸೇನಾ ಕಾಯ್ದೆಯ 27ನೇ ಸೆಕ್ಷನ್ ಅಡಿ ದೂರು ಕೊಡುವ ಹಕ್ಕಿದೆ, ಹಿಂಜರಿಯಬಾರದು.

ಇಂಥ ವಿಷಯಗಳು ಪುರುಷ ಅಧಿಕಾರಿಗಳಿಗೆ ಸಂಜೆಯ ಆಟದಲ್ಲಿ, ಮೆಸ್‌ನಲ್ಲಿ, ಬ್ಯಾಚ್‌ನ ಸೀನಿಯರ್‌ಗಳಿಂದ ತಾನಾಗಿ ಕಿವಿಗೆ ಬೀಳುತ್ತವೆ. ಯೂನಿಟ್‌ಗೆ ಒಬ್ಬಳೇ ಮಹಿಳೆ ಇದ್ದಾಗ ಆ ದಾರಿ ಇಲ್ಲ. ಬೇರೆ ವೃತ್ತಿಯವರಂತೆ ಲಿಂಕ್ಡ್‌ಇನ್‌ನಲ್ಲಿ ಪರಿಚಯ ಬೆಳೆಸಿಕೊಳ್ಳಿ ಎನ್ನುವುದು ಇಲ್ಲಿ ಅಪಾಯದ ಸಲಹೆ. 2020ರಲ್ಲಿ ಸೇನೆಯೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಲು ಆದೇಶಿಸಿತ್ತು. ಯೂನಿಟ್, ಸ್ಥಳ, ಉಪಕರಣದ ಹೆಸರು ಬರೆದ ಒಂದು ಪ್ರೊಫೈಲ್ ಸಾಕು, ಕೆಲಸ ಕೊಡಿಸುವ ನೆಪದಲ್ಲಿ ಶತ್ರು ಗೂಢಚಾರರು ಮಾತಿಗೆಳೆಯುತ್ತಾರೆ.

ಹಾಗಾಗಿ ಇಂಥ ಪರಿಚಯ, ಮಾರ್ಗದರ್ಶನದ ಜಾಲವನ್ನು ಸೇನೆಯೇ ಕಟ್ಟಿಕೊಡಬೇಕು. ಅನುಭವಿಗಳ ಕೊರತೆ ಈಗಿಲ್ಲ. ಅಧಿಕಾರಿಗಳನ್ನು ಮೇಲಿನ ಹೊಣೆಗಳಿಗೆ ಸಜ್ಜುಗೊಳಿಸುವ, ತಮಿಳುನಾಡಿನ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜಿನ ಪ್ರವೇಶ ಪರೀಕ್ಷೆಯನ್ನು 2022ರಲ್ಲಿ ಭೂಸೇನೆಯ ಆರು ಮಹಿಳೆಯರು ಮೊದಲ ಬಾರಿಗೆ ಪಾಸು ಮಾಡಿದರು. 2023ರಲ್ಲಿ 108 ಕರ್ನಲ್ ಹುದ್ದೆಗಳಿಗಾಗಿ ಮಹಿಳಾ ಅಧಿಕಾರಿಗಳ ವಿಶೇಷ ಆಯ್ಕೆ ಮಂಡಳಿ ಕೂತಿತು. ಸೇನೆಯ ಪ್ರತಿ ಕಮಾಂಡ್‌ನಲ್ಲೂ (ದೊಡ್ಡ ಆಡಳಿತ ವಿಭಾಗ) ಇಂಥವರನ್ನು ಗುರುತಿಸಿ, ಹೊಸದಾಗಿ ಬಂದ ಪ್ರತಿ ಮಹಿಳಾ ಅಧಿಕಾರಿಗೆ ಮೊದಲ ಹತ್ತು ವರ್ಷ ಒಬ್ಬ ಮಾರ್ಗದರ್ಶಿಯನ್ನು ಅಧಿಕೃತವಾಗಿ ನೇಮಿಸಬೇಕು. ವರ್ಷಕ್ಕೆ ಎರಡು ಬಾರಿಯಾದರೂ ಭೇಟಿ, ಕೋರ್ಸ್ ಮತ್ತು ಪರೀಕ್ಷೆಗಳ ಕೊನೆಯ ದಿನಾಂಕಗಳ ಪಟ್ಟಿ, ಸ್ಟಾಫ್ ಕಾಲೇಜು ಪರೀಕ್ಷೆಗೆ ಓದುವ ಗುಂಪು, ಇಷ್ಟರಿಂದ ಶುರು ಮಾಡಬಹುದು. ಮಾರ್ಗದರ್ಶಿ ಆಕೆಯ ಎಸಿಆರ್ ಬರೆಯುವ ಸಾಲಿನಲ್ಲಿ ಇರಕೂಡದು. ಅಂಕ ಹಾಕುವವರ ಮುಂದೆ ಯಾರೂ ತಮ್ಮ ತೊಂದರೆ ಬಿಚ್ಚಿ ಹೇಳುವುದಿಲ್ಲ.

– ಕೆಲವು ನಿವೃತ್ತ ಸೇನಾಧಿಕಾರಿಗಳು