ನಮಾಝ್ ಶುಕ್ರವಾರಕ್ಕಷ್ಟೇ ಸೀಮಿತವಲ್ಲ

ಮಾನ್ಯ ಸಂಪಾದಕರೇ,

ಶುಕ್ರವಾರದ ಜುಮಾಕ್ಕೆ ಅಂಗಳದವರೆಗೂ ತುಂಬುವ ನಮ್ಮ ಮಸೀದಿಯ ಸಾಲುಗಳು ಮರುದಿನ ಮುಂಜಾನೆಯ ನಮಾಝ್ ಆದ ಫಜ್ರ್‌ಗೆ ಒಂದೆರಡಕ್ಕೆ ಇಳಿಯುವುದನ್ನು ಕಂಡು ನೋವಾಗುತ್ತದೆ. ನಿಗದಿತ ವೇಳೆಗಳಲ್ಲಿ ನಮಾಝ್ ನಿರ್ವಹಿಸುವುದು ವಿಶ್ವಾಸಿಗಳಿಗೆ ಕಡ್ಡಾಯವೆಂದು ಕುರ್‌ಆನಿನ 4ನೇ ಅಧ್ಯಾಯದ 103ನೇ ವಚನ ಸ್ಪಷ್ಟವಾಗಿ ಹೇಳಿದೆ; ದಿನದ ಐದು ವೇಳೆಗಳಿಗೆ ಹಂಚಿರುವ 17 ಕಡ್ಡಾಯ ರಕಅತ್‌ಗಳಿಗೆ (ನಿಂತು, ಬಾಗಿ, ಸಾಷ್ಟಾಂಗವೆರಗುವ ಒಂದು ಆವರ್ತನವೇ ಒಂದು ರಕಅತ್) ಹೆಚ್ಚು ಸಮಯವೂ ಬೇಕಿಲ್ಲ. ಕಿರಾಣಿ ಅಂಗಡಿ ನಡೆಸುತ್ತಿದ್ದ ನನ್ನ ತಂದೆಯವರು ಇಳಿಮಧ್ಯಾಹ್ನದ ನಮಾಝ್ ಆದ ಅಸರ್‌ನ ಬಾಂಗ್ ಕೇಳಿದೊಡನೆ ತಕ್ಕಡಿ ಕೆಳಗಿಟ್ಟು, ಹಿತ್ತಲಿಗೆ ಹೋಗಿ ಒಂದು ತಂಬಿಗೆ ನೀರಿನಲ್ಲಿ ನಮಾಝ್‌ಗೆ ಮುನ್ನ ಕೈ, ಮುಖ, ಕಾಲು ತೊಳೆಯುವ ವುಝೂ ಮುಗಿಸುತ್ತಿದ್ದರು. ಕಾದಿದ್ದ ಗಿರಾಕಿಗಳು ಒಮ್ಮೆಯೂ ಗೊಣಗಿದ್ದಿಲ್ಲ. ನಿಲ್ಲಲಾಗದ ರೋಗಿಗೆ ಕುಳಿತು, ಪ್ರಯಾಣಿಕನಿಗೆ ಸಂಕ್ಷಿಪ್ತವಾಗಿ ನಿರ್ವಹಿಸುವ ರಿಯಾಯಿತಿಯೇ ಇರುವಾಗ, ಆರೋಗ್ಯವಂತ ಯುವಕರು ಕೆಲಸದ ನೆಪ ಹೇಳುವುದು ಸರಿಯಲ್ಲ. ಹಿರಿಯರು ಮಕ್ಕಳನ್ನು ಗದರಿಸಿ ಕಳುಹಿಸುವ ಬದಲು ಫಜ್ರ್‌ಗೆ ಜತೆಯಲ್ಲೇ ಕರೆದೊಯ್ಯಲಿ.

– ಓರ್ವ ಓದುಗ, ಭಟ್ಕಳ