ನಮ್ಮ ಮನೆಯ ಹಿಂದಿನ ಗುಡ್ಡವನ್ನು ತಜ್ಞರಿಂದ ಪರೀಕ್ಷೆ ಮಾಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ದಕ್ಷಿಣ ಗೋವಾದಲ್ಲಿ, ತಮ್ಮ ಕ್ಷೇತ್ರದ ಕಡಿದಾದ ಗುಡ್ಡದ ಮಗ್ಗುಲಲ್ಲಿ ಸಾಲ ಮಾಡಿ ಮನೆ ಕೊಂಡಿರುವ ಕೆಲವು ಕುಟುಂಬಗಳ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದುಕೊಟ್ಟ ಅರ್ಜಿಗಳ ಮೇಲೆ ತಮ್ಮ ಕಚೇರಿಯ ಮೊಹರು ಬಿದ್ದಿದೆಯೇ ಹೊರತು ಉತ್ತರ ಬಂದಿಲ್ಲ. ಚುನಾವಣೆಯ ಹೊತ್ತಿಗೆ ನಮ್ಮ ಕನ್ನಡ ಸಂಘದ ವೇದಿಕೆಗೆ ಬಂದು, ಶಾಲು ಹೊದೆಸಿಕೊಂಡು, ಕನ್ನಡದಲ್ಲೇ ನಾಲ್ಕು ಮಾತಾಡಿ ಚಪ್ಪಾಳೆ ಗಿಟ್ಟಿಸಿದವರು ತಾವಾದ್ದರಿಂದ ಈ ಸಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕೋರಿಕೆ ಒಂದೇ. ನಮ್ಮ ಮನೆಗಳ ಹಿಂದಿನ ಇಳಿಜಾರನ್ನೂ ತಡೆಗೋಡೆಯನ್ನೂ ಮಣ್ಣು-ಬಂಡೆಗಳ ಬಲ ಅಳೆಯಬಲ್ಲ ಭೂತಾಂತ್ರಿಕ (ಜಿಯೋಟೆಕ್ನಿಕಲ್) ತಜ್ಞರಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ನಮ್ಮ ಕೈಗೆ ಕೊಡಿಸಿ. ಅಲ್ಲಿಯವರೆಗೆ ಮೇಲಿನ ಜಾಗದಲ್ಲಿ ಗುಡ್ಡ ಕಡಿಯುತ್ತಿರುವ ಜೆಸಿಬಿಯನ್ನು ನಿಲ್ಲಿಸಿ.

ನಿಗದಿತ ಮಿತಿ ಮೀರಿ ಗುಡ್ಡ ಕಡಿಯಲು ಮುಖ್ಯ ನಗರ ಯೋಜಕರ ಲಿಖಿತ ಪೂರ್ವಾನುಮತಿ ಬೇಕೆಂದು ಗೋವಾದ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 17ಎ ಕಲಮು ಹೇಳುವುದನ್ನು ವಿಧಾನಸಭೆಯಲ್ಲಿ ಕೂರುವ ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮನೆ ಸ್ವಾಧೀನಕ್ಕೆ ಬಂದ ಐದು ವರ್ಷಗಳೊಳಗೆ ಕಟ್ಟಡದ ದೋಷ ಕಂಡುಬಂದರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕೆಂದು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಹೇಳುತ್ತದೆ. ನಮ್ಮ ಐದು ವರ್ಷ ಇನ್ನೂ ತುಂಬಿಲ್ಲ, ಬಿಲ್ಡರ್ ಮಾತ್ರ ಫೋನ್ ಎತ್ತುವುದಿಲ್ಲ.

ನಾನು ಕುಮಟಾ ಕಡೆಯವನು. ಮೇಲೆ ಚಿರೆಕಲ್ಲಿನ ಗಟ್ಟಿ ಪದರ, ಅದರಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು ಇರುವ ಗುಡ್ಡಗಳನ್ನು ಊರಲ್ಲಿ ನೋಡುತ್ತಲೇ ಬೆಳೆದವನು. ಇಲ್ಲಿಯದೂ ಅದೇ ಜಾತಿಯ ಗುಡ್ಡ. ಇಂಥದರ ಬುಡ ಕಡಿದರೆ ಮೇಲಿನ ಭಾರಕ್ಕೆ ಆಧಾರ ತಪ್ಪುತ್ತದೆ, ಮಳೆನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಶೇಡಿಯನ್ನು ನೆನೆಸಿದಾಗ ಆ ಮಣ್ಣು ಹಿಡಿತ ಕಳೆದುಕೊಂಡು ಜಾರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಚಹಾದಂಗಡಿಯನ್ನೂ ಜನರನ್ನೂ ಗಂಗಾವಳಿ ನದಿಗೆ ನೂಕಿದ ಮೇಲೆ, ಊರಿಗೆ ಹೋಗುವಾಗಲೆಲ್ಲ ಅದೇ ದಾರಿಯಲ್ಲಿ ಸಾಗುವ ನಮಗೆ ಈ ವಿಷಯದಲ್ಲಿ ಉಪನ್ಯಾಸದ ಅಗತ್ಯವಿಲ್ಲ.

ನಮ್ಮ ಹಿಂದೆ ಎರಡಾಳು ಎತ್ತರದ ತಡೆಗೋಡೆಯಿದೆ. ಒಳಗೆ ಕಟ್ಟಿಕೊಂಡ ನೀರು ಹೊರಬರಲೆಂದು ಅದರಲ್ಲಿ ಸಾಲಾಗಿ ಪಿವಿಸಿ ಪೈಪಿನ ಬಾಯಿಗಳು ಕಾಣುತ್ತವೆ. ಆಷಾಢದ ಜಡಿಮಳೆಯಲ್ಲೂ ಅವುಗಳಿಂದ ತೊಟ್ಟು ನೀರು ಬೀಳದಿದ್ದಾಗ ನನ್ನ ಮಗ ಹಿಡಿಕಡ್ಡಿಯೊಂದನ್ನು ತೂರಿಸಿ ನೋಡಿದ. ಗೇಣುದ್ದ ಹೋಗಿ ಕಾಂಕ್ರೀಟಿಗೆ ತಾಗಿ ನಿಂತಿತು. ಎಲ್ಲ ಪೈಪುಗಳ ಕತೆಯೂ ಅದೇ. ತೋರಿಕೆಗೆ ಹುಗಿದಿಟ್ಟ ತುಂಡುಗಳು. ಗೋಡೆ ಈಗ ನಡುವಿನಲ್ಲಿ ಹೊಟ್ಟೆ ಬಿಟ್ಟಿದೆ. ಜೋರು ಮಳೆಯ ರಾತ್ರಿಗಳಲ್ಲಿ ಹಾಸಿಗೆ ಹಿಡಿದಿರುವ ತಾಯಿಯನ್ನು ಎತ್ತಿಕೊಂಡು ಬಂದು ಎದುರಿನ ಕೋಣೆಯಲ್ಲಿ ಎಲ್ಲರೂ ಮಲಗುತ್ತೇವೆ, ಮಲಗುತ್ತೇವೆಂದರೆ ಸದ್ದು ಆಲಿಸುತ್ತ ಬಿದ್ದುಕೊಂಡಿರುತ್ತೇವೆ.

ಕಳೆದ ಮಳೆಗಾಲದಲ್ಲಿ ಪರಿಶೀಲನೆಗೆ ಬಂದ ಅಧಿಕಾರಿ ರಸ್ತೆಯಲ್ಲೇ ಕೊಡೆ ಹಿಡಿದು ನಿಂತು, ನಾವು ಗುಡ್ಡಕ್ಕೆ ಹೊದೆಸಿದ್ದ ನೀಲಿ ತಾಡಪಾಲಿನ ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಬಂದದ್ದು ಬಾಗಿಲಿಗೆ ಅಂಟಿಸಿದ ನೋಟಿಸು: ಈ ಮನೆ ಅಪಾಯದಲ್ಲಿದೆ, ಕೂಡಲೇ ಖಾಲಿ ಮಾಡಿ, ಅನಾಹುತವಾದರೆ ನೀವೇ ಹೊಣೆ. ಅದೇ ವಾರ, ಅದೇ ಕಚೇರಿಯಿಂದ, ಅದೇ ಮನೆಯ ತೆರಿಗೆ ಬಿಲ್ಲೂ ಬಂತು. ವಾಸಕ್ಕೆ ಯೋಗ್ಯವಲ್ಲದ ಮನೆ ತೆರಿಗೆಗೆ ಮಾತ್ರ ಯೋಗ್ಯವಾಗಿ ಉಳಿದಿರುವುದು ಸಂತೋಷದ ಸಂಗತಿಯೇ ಸರಿ! ಮೇಲೆ ಗುಡ್ಡ ಕಡಿಯುವವನಿಗೆ ನೋಟಿಸು ಹೋಗಿದೆಯೇ ಎಂದು ಕೇಳಿದರೆ ಕಡತ ನೋಡಿ ಹೇಳುತ್ತೇವೆ ಎಂದರು. ಇನ್ನೂ ನೋಡುತ್ತಿದ್ದಾರೆ.

ಖಾಲಿ ಮಾಡಿ ಹೋಗುವುದಾದರೂ ಎಲ್ಲಿಗೆ? ಬ್ಯಾಂಕಿನ ಕಂತು ಕಟ್ಟಿದ ಮೇಲೆ ಬಾಡಿಗೆಗೆ ಹಣ ಉಳಿಯುವುದಿಲ್ಲ. ಅಪಾಯದ ಮನೆಯನ್ನು ಯಾರೂ ಕೊಳ್ಳುವುದಿಲ್ಲ, ಗೊತ್ತಿಲ್ಲದವರ ತಲೆಗೆ ಕಟ್ಟಲು ನಮಗೆ ಮನಸ್ಸಿಲ್ಲ.

ಆದ್ದರಿಂದ ಮತ್ತೆ ಕೇಳುತ್ತೇನೆ: ಗುಡ್ಡವನ್ನು ಪರೀಕ್ಷೆ ಮಾಡಿಸಿ, ಜೆಸಿಬಿ ನಿಲ್ಲಿಸಿ. ಮುಂಗಾರು ಜೂನ್ ಮೊದಲ ವಾರದ ಹೊತ್ತಿಗೆ ಬರುವುದರಿಂದ ಮೇ ತಿಂಗಳು ಮುಗಿಯುವುದರೊಳಗೆ ವರದಿ ನಮ್ಮ ಕೈಯಲ್ಲಿರಬೇಕು. ಮನೆ ಉಳಿಯುವುದಿಲ್ಲವೆಂದೇ ವರದಿ ಬಂದರೆ, ಅದರ ಜೊತೆಗೆ ನಾವು ಹೋಗಬೇಕಾದ ಜಾಗ ಯಾವುದು, ಅದರ ಖರ್ಚು ಕೊಡುವವರು ಯಾರು ಎಂಬುದನ್ನೂ ಸಹಿ ಮಾಡಿ ಬರೆದುಕೊಡಿ.

ಇಂತಿ,
ತಮ್ಮ ಕ್ಷೇತ್ರದ ಮತದಾರ