ಒತ್ತಕ್ಷರ ನುಂಗುವ ಜಾಲತಾಣಗಳು

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರವಾದಂತೆ ಮುಂಬಯಿ, ಠಾಣೆ, ನವಿ ಮುಂಬಯಿಯ ಕನ್ನಡ ಸಂಘಗಳ ಜಾಲತಾಣಗಳಿಗೆ ಜೀವ ಬರುತ್ತದೆ. ಆಮಂತ್ರಣದ ಕೊಂಡಿ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಲೋಕಲ್ ರೈಲಿನಲ್ಲಿ ನಿಂತೇ ಫೋನಿನಲ್ಲಿ ತೆರೆದವರಿಗೆ ಪುಟ ಅಡ್ಡಡ್ಡ ಜಾರುತ್ತದೆ, ‘ಇನ್ನಷ್ಟು’ ಎಂಬ ಗುಂಡಿ ‘ಇನಷು’ ಆಗಿ ಕಾಣುತ್ತದೆ. ಆಗ ಕೆಲವರು ತಾಣವನ್ನೇ ಹೊಸದಾಗಿ ಮಾಡಿಸಲು ಹೊರಡುತ್ತಾರೆ, ಇನ್ನು ಕೆಲವರು ಆಮಂತ್ರಣದ ಫೋಟೋ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಎರಡೂ ಬೇಡ. ಈ ದೋಷಗಳಲ್ಲಿ ಹೆಚ್ಚಿನವು ಸಿಎಸ್‌ಎಸ್ (ಪುಟದ ರೂಪ, ಅಳತೆ ಹೇಳುವ ಭಾಷೆ) ಕಡತದ ಹತ್ತಿಪ್ಪತ್ತು ಸಾಲುಗಳಲ್ಲಿ ಸರಿಹೋಗುತ್ತವೆ.

ಮೊದಲು ಎಚ್‌ಟಿಎಂಎಲ್ (ಪುಟದ ವಿಷಯ ಬರೆಯುವ ಭಾಷೆ) ಕಡತದ ತಲೆಭಾಗದಲ್ಲಿ, ಪರದೆಯ ಅಗಲವನ್ನೇ ಹಿಡಿಯುವಂತೆ ಹೇಳುವ ವ್ಯೂಪೋರ್ಟ್ ಮೆಟಾ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಐಫೋನಿನ ಸಫಾರಿ ಪುಟವನ್ನು 980 ಪಿಕ್ಸೆಲ್ ಅಗಲದ್ದೆಂದು ಹಿಡಿದು ಕುಗ್ಗಿಸಿ ತೋರಿಸುತ್ತದೆ; ಫೋನಿಗೆಂದು ಬರೆದ ಮೀಡಿಯಾ ಕ್ವೆರಿಗಳೆಲ್ಲ (ಪರದೆಯ ಅಗಲ ನೋಡಿ ಅನ್ವಯಿಸುವ ನಿಯಮಗಳು) ವ್ಯರ್ಥ.

ಅಡ್ಡ ಜಾರುವಿಕೆಗೆ ಸಾಮಾನ್ಯ ಕಾರಣ ಪೆಟ್ಟಿಗೆಯ ಲೆಕ್ಕ. 360 ಪಿಕ್ಸೆಲ್ ಅಗಲದ ಪರದೆಯಲ್ಲಿ ಒಂದು ಡಿವ್‌ಗೆ (ಪುಟದ ಒಂದು ಪೆಟ್ಟಿಗೆ) ‘ವಿಡ್ತ್ 100%’ ಎಂದು ಬರೆದು, ಎರಡೂ ಬದಿಗೆ 20 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ), 1 ಪಿಕ್ಸೆಲ್ ಬಾರ್ಡರ್ (ಅಂಚಿನ ಗೆರೆ) ಕೊಟ್ಟರೆ ಅದು 402 ಪಿಕ್ಸೆಲ್ ಆಗುತ್ತದೆ. ಹೇಳಿದ ಅಗಲ ಒಳಗಿನ ವಿಷಯಕ್ಕೆ ಮಾತ್ರ ಅನ್ವಯಿಸುವುದೇ ಇದಕ್ಕೆ ಕಾರಣ. ಎಲ್ಲ ಘಟಕಗಳಿಗೂ ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’ ಕೊಟ್ಟರೆ ಪ್ಯಾಡಿಂಗ್, ಬಾರ್ಡರ್ ಎರಡೂ ಆ 360ರೊಳಗೇ ಸೇರುತ್ತವೆ. ಚಿತ್ರಗಳಿಗೆ ‘ಮ್ಯಾಕ್ಸ್-ವಿಡ್ತ್ 100%’, ‘ಹೈಟ್ ಆಟೋ’ ಸಾಕು.

ಆಮೇಲೂ ಜಾರಿದರೆ ಎಲ್ಲ ಘಟಕಗಳಿಗೂ ತಾತ್ಕಾಲಿಕವಾಗಿ 1 ಪಿಕ್ಸೆಲ್ ಕೆಂಪು ಔಟ್‌ಲೈನ್ (ಜಾಗ ತಿನ್ನದ ಹೊರಗೆರೆ) ಹಾಕಿ, ಯಾವುದು ಪರದೆ ದಾಟಿದೆ ನೋಡಿ. ಬಾರ್ಡರ್ ಹಾಕಬೇಡಿ, ಅದು ಜಾಗ ತಿಂದು ಲೆಕ್ಕ ಕೆಡಿಸುತ್ತದೆ. ಹಲವು ಸಲ ಸಿಕ್ಕಿಬೀಳುವುದು ಪೆಟ್ಟಿಗೆಗಳನ್ನು ಪಕ್ಕಪಕ್ಕ ಜೋಡಿಸುವ ಫ್ಲೆಕ್ಸ್ ಸಾಲಿನೊಳಗಿನ ಒಂದು ಉದ್ದ ಪದ. ‘ವಜ್ರಮಹೋತ್ಸವಾಚರಣೆಯಂಗವಾಗಿ’ ಎಂದು ಸಂಧಿ ಮಾಡಿ ಬರೆಯುವವರು ನಾವು. ಬ್ರೌಸರ್ ಅದನ್ನು ತಾನಾಗಿ ಮುರಿಯುವುದಿಲ್ಲ, ಫ್ಲೆಕ್ಸ್ ಘಟಕವೂ ತನ್ನೊಳಗಿನ ಅತಿ ಉದ್ದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಆ ಘಟಕಕ್ಕೆ ‘ಮಿನ್-ವಿಡ್ತ್ 0’, ಪದಕ್ಕೆ ‘ಓವರ್‌ಫ್ಲೋ-ರ‍್ಯಾಪ್: ಎನಿವೇರ್’ ಕೊಡಬೇಕು. ತಲೆಬರಹ ಎಲ್ಲೆಂದರಲ್ಲಿ ತುಂಡಾಗುವುದು ಬೇಡವೆಂದರೆ ಪದದ ನಡುವೆ ಸಾಫ್ಟ್ ಹೈಫನ್ (ಪದ ಮುರಿದಾಗ ಮಾತ್ರ ಕಾಣುವ ಅಡ್ಡಗೆರೆ) ಇಡಿ. ಪದ ಬಿಡಿಸಿ ಬರೆದರೆ ಇನ್ನೂ ಒಳ್ಳೆಯದು ಅನ್ನಿ.

ಇನ್ನು ‘ಇನಷು’ ಕಥೆ. ಟೆಂಪ್ಲೇಟುಗಳು ಇಂಗ್ಲಿಷಿಗೆಂದು ಮಾಡಿದವು. ಗುಂಡಿಗೆ ನಿಗದಿತ ಎತ್ತರ, ‘ಲೈನ್-ಹೈಟ್ 1.2’ (ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು), ಮೇಲೆ ಹೊರಬಂದದ್ದನ್ನು ಮರೆಮಾಡುವ ‘ಓವರ್‌ಫ್ಲೋ ಹಿಡನ್’. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಕತ್ತರಿ ಬೀಳುವುದು ಅದಕ್ಕೇ. ಎತ್ತರ ತೆಗೆದುಹಾಕಿ ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ, ಲೈನ್-ಹೈಟ್ 1.6 ಅಥವಾ 1.7 ಇಡಿ. ಅದನ್ನು 160% ಎಂದು ಬರೆಯದೆ ಬರಿಯ ಸಂಖ್ಯೆಯಾಗಿಯೇ ಬರೆಯಬೇಕು. ಬಾಡಿಯಲ್ಲಿ (ಇಡೀ ಪುಟವನ್ನು ಹಿಡಿದ ಘಟಕ) ಅಕ್ಷರದ ಗಾತ್ರ 16 ಪಿಕ್ಸೆಲ್ ಇದ್ದರೆ 160% ಎಂದರೆ 25.6 ಪಿಕ್ಸೆಲ್, ಅದೇ ಅಳತೆ 32 ಪಿಕ್ಸೆಲ್ ತಲೆಬರಹಕ್ಕೂ ಇಳಿದುಬಂದು, ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಬರಿಯ 1.6 ಆದರೆ ಪ್ರತಿ ಗಾತ್ರಕ್ಕೂ ಲೆಕ್ಕ ಹೊಸದಾಗಿ ಆಗುತ್ತದೆ. ಲೆಟರ್-ಸ್ಪೇಸಿಂಗ್ ಮತ್ತು ಇಟಾಲಿಕ್ ಕನ್ನಡಕ್ಕೆ ಬೇಡವೇ ಬೇಡ.

ಹಳೆಯ ‘ನುಡಿ’ ತಂತ್ರಾಂಶದ ಕಡತದಿಂದ ನಕಲಿಸಿದ ಆಸ್ಕಿ ಪಠ್ಯ (ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡ ರೂಪ ಹೊದಿಸಿದ್ದು) ಸಿಎಸ್‌ಎಸ್‌ನಿಂದ ಸರಿಯಾಗದು. ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಫಾಂಟ್‌ಗೆ ‘ಯೂನಿಕೋಡ್-ರೇಂಜ್’ (ಫಾಂಟ್ ಯಾವ ಅಕ್ಷರಗಳಿಗೆ ಎಂಬ ಮಿತಿ) ಕೊಡುವವರು ಕನ್ನಡದ ವ್ಯಾಪ್ತಿಯ ಜೊತೆಗೆ ಕಣ್ಣಿಗೆ ಕಾಣದ 200ಸಿ, 200ಡಿ ಸಂಕೇತಗಳನ್ನೂ ಸೇರಿಸಲಿ. ‘ಡಾಕ್ಟರ್‌ಗಳು’ ಎಂಬಲ್ಲಿ ರಕಾರ ಅರ್ಕಾವೊತ್ತಾಗದಂತೆ ತಡೆಯುವುದು 200ಸಿ. ಮರಾಠಿ ಪುಟವೂ ಇರುವ ತಾಣವಾದರೆ ಕನ್ನಡದ ಫಾಂಟ್ ಜೊತೆಗೆ ದೇವನಾಗರಿಯದನ್ನೂ ಹೆಸರಿಸಿ.

ಬ್ರೌಸರ್‌ಗಳ ಹೊಂದಾಣಿಕೆ ಭಾವಿಸಿದಷ್ಟು ತೊಡಕಲ್ಲ. ತನಗೆ ಗೊತ್ತಿಲ್ಲದ ಸಾಲನ್ನು ಬ್ರೌಸರ್ ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ಹಳೆಯದನ್ನು ಮೊದಲು, ಹೊಸದನ್ನು ಅದರ ಕೆಳಗೆ ಬರೆದರಾಯಿತು. ಮುಖಪುಟದ ಚಿತ್ರಕ್ಕೆ ‘100ವಿಎಚ್’ (ಪರದೆಯ ಪೂರ್ತಿ) ಎತ್ತರ ಕೊಟ್ಟರೆ ಐಫೋನಿನಲ್ಲಿ ಅದರ ತಳಭಾಗ ಸಫಾರಿಯ ಪಟ್ಟಿಯ ಹಿಂದೆ ಅಡಗುತ್ತದೆ. ಆ ಸಾಲಿನ ಕೆಳಗೇ ‘100ಡಿವಿಎಚ್’ (ಪಟ್ಟಿ ಬಿಟ್ಟು ಉಳಿದ ಎತ್ತರ) ಬರೆದರೆ 2022ರ ಈಚಿನ ಬ್ರೌಸರ್‌ಗಳು ಅದನ್ನು ಹಿಡಿಯುತ್ತವೆ, ಹಳೆಯವು ಮೇಲಿನದರಲ್ಲೇ ಉಳಿಯುತ್ತವೆ. ನೋಂದಣಿ ಅರ್ಜಿಯ ಖಾನೆಗಳಲ್ಲಿ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಅದೇ ಸಫಾರಿ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ.

ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದೇ ವಿದಾಯ ಹೇಳಿದೆ. ಅದಕ್ಕೆಂದು ಪ್ರತ್ಯೇಕ ಹಣ ಕೇಳುವವರಿಗೆ ಕೊಡಬೇಕಾಗಿಲ್ಲ. ಮಾಡಿಸಿದ ಕೆಲಸ ಒಪ್ಪಿಕೊಳ್ಳುವ ಮುನ್ನ ಒಂದು ಹಳೆಯ ಆಂಡ್ರಾಯ್ಡ್, ಒಂದು ಐಫೋನ್ ಎರಡರಲ್ಲೂ ಪುಟ ತೆರೆದು ನೋಡಿ. ನಮ್ಮಲ್ಲಿ ಐಫೋನಿನ ಕ್ರೋಮ್ ಒಳಗೆ ಓಡುವುದೂ ಸಫಾರಿಯ ಎಂಜಿನ್ ವೆಬ್‌ಕಿಟ್ಟೇ ಆದ್ದರಿಂದ, ಅಲ್ಲಿ ಸರಿ ಕಂಡದ್ದು ಆಂಡ್ರಾಯ್ಡ್ ಕ್ರೋಮ್‌ಗೆ ಸಾಕ್ಷಿಯಾಗದು.

— ಇಬ್ಬರು ವೆಬ್ ಡೆವಲಪರ್‌ಗಳು, ಡೊಂಬಿವಲಿ ಪೂರ್ವ